ಉಡುದಾರಕ್ಕೊಂದು ಪಿಸ್ತೂಲು

ಐವತ್ತು ಹತ್ತಿರವಾಗುತ್ತಿದ್ದಂತೆ ಗಂಡಸರಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುತ್ತದೆ. ಡಲ್ಲಾಸಿನ ಉತ್ತರಕ್ಕಿರುವ ನಮ್ಮ ಬಡಾವಣೆಯ ಕನ್ನಡಿಗರಲ್ಲಿ ಒಬ್ಬರು ಮ್ಯಾರಥಾನ್ ಓಡಿ ಮಂಡಿ ಕೆಡಿಸಿಕೊಂಡರು. ಇನ್ನೊಬ್ಬರು ಕುಂಡದಲ್ಲಿ ಕರಿಬೇವು ಬೆಳೆಸಿ, ಚಳಿ ಬಿದ್ದ ರಾತ್ರಿ ಹೆಂಡತಿ ಹೊದ್ದಿದ್ದ ರಗ್ಗನ್ನೇ ಎಳೆದುಕೊಂಡು ಹೋಗಿ ಗಿಡಕ್ಕೆ ಹೊದಿಸಿದರು. ನಾನು ಎರಡಕ್ಕೂ ಲಾಯಕ್ಕಲ್ಲ. ಓಡಿದರೆ ಏದುಸಿರು, ನೆಟ್ಟರೆ ಗಿಡಕ್ಕೆ ಕೇಡು. ಹಾಗಾಗಿ ನನಗೆ ಹಿಡಿದದ್ದು ಸೊಂಟದಲ್ಲಿ ಬಂದೂಕು ಸಿಕ್ಕಿಸಿಕೊಂಡು ಓಡಾಡುವ ಹುಚ್ಚು.

ಟೆಕ್ಸಾಸ್‌ನಲ್ಲಿ ಇದನ್ನು ಹುಚ್ಚು ಎಂದು ಯಾರೂ ಕರೆಯುವುದಿಲ್ಲ. 2021ರ ಸೆಪ್ಟೆಂಬರ್ 1ರಿಂದ ಇಲ್ಲಿ ಇಪ್ಪತ್ತೊಂದು ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರೇ ಆಗಲಿ, ಲೈಸೆನ್ಸ್ ಇಲ್ಲದೆಯೂ ಕೈಬಂದೂಕು ಇಟ್ಟುಕೊಂಡು ತಿರುಗಬಹುದು. ಅಡ್ಡಿಯೆಂದರೆ ನಮ್ಮವರಿಗೆ ವೀಸಾದ್ದು. ಎಚ್-1ಬಿಯಲ್ಲಿ ಇರುವವರು ಬಂದೂಕು ಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಪಡೆದವರಿಗೆ ಮತ್ತು ಅಂಥ ಒಂದೆರಡು ಬಗೆಯವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡಿನ ಸರತಿಯಲ್ಲಿ ನಿಂತು ತಲೆಗೂದಲೆಲ್ಲ ಉದುರಿದ ಮೇಲೆ ನನಗೂ ಆ ಯೋಗ್ಯತೆ ಬಂತು. ಶಾಸನಸಭೆ ಒಪ್ಪಿತ್ತು, ಗವರ್ನರು ಸಹಿ ಹಾಕಿದ್ದರು. ಒಪ್ಪಬೇಕಾದವಳು ಒಬ್ಬಳೇ ಉಳಿದಿದ್ದಳು.

"ಯಾರನ್ನ ಹೊಡೀತೀರಿ?" ಎಂದಳು ಹೆಂಡತಿ, ಹುಳಿಗೆ ಬದನೆಕಾಯಿ ಹೆಚ್ಚುತ್ತ.

"ಹೊಡೆಯೋಕಲ್ಲ ಕಣೇ, ರಕ್ಷಣೆಗೆ. ಮೊನ್ನೆ ಬಾಗಿಲಲ್ಲಿಟ್ಟಿದ್ದ ಪಾರ್ಸೆಲ್ ಕದ್ದುಕೊಂಡು ಹೋಗ್ಲಿಲ್ವಾ?"

"ಅದರಲ್ಲಿದ್ದದ್ದು ನಿಮ್ಮ ಸೊಂಟನೋವಿನ ಪಟ್ಟಿ. ಕದ್ದೋನೇ ಪಾಪ ಬೈಕೊಂಡಿರ್ತಾನೆ."

ಇದನ್ನು ಅರ್ಧ ಒಪ್ಪಿಗೆ ಎಂದುಕೊಂಡು ನಾನು ಎಕ್ಸೆಲ್ ಶೀಟ್ ತೆರೆದೆ. ಮಿಕ್ಸಿ ಕೊಳ್ಳುವಾಗಲೂ ಹದಿನೆಂಟು ಕಾಲಂ ಹಾಕುವ ಜಾತಿ ನನ್ನದು. ಈ ಸಲ ಪ್ರಶ್ನೆ ಒಂದೇ: ದಿನವೂ ಹೊತ್ತು ತಿರುಗಲು ಪುಟ್ಟ ರಿವಾಲ್ವರ್ ಮೇಲೋ, ಪುಟ್ಟ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಮೇಲೋ? ಸ್ಮಾರ್ತ ಮಾಧ್ವರ ಜಗಳದಷ್ಟೇ ನಿಷ್ಠೆಯಿಂದ ಇಲ್ಲಿಯವರು ಇದನ್ನು ಜಗಳವಾಡುತ್ತಾರೆ. ಒಂದು ಕಾಲಕ್ಕೆ ಟೆಕ್ಸಾಸ್ ಸರ್ಕಾರವೇ ಜನರನ್ನು ಹೀಗೆ ಎರಡು ಪಂಕ್ತಿಯಲ್ಲಿ ಕೂರಿಸಿತ್ತು. 2013ರವರೆಗೆ ಲೈಸೆನ್ಸ್ ಪರೀಕ್ಷೆಯಲ್ಲಿ ಪಿಸ್ತೂಲಿನಿಂದ ಗುರಿ ಹೊಡೆದು ಪಾಸಾದವನು ಎರಡನ್ನೂ ಇಟ್ಟುಕೊಳ್ಳಬಹುದಿತ್ತು. ರಿವಾಲ್ವರಿನಿಂದ ಪಾಸಾದವನಿಗೆ ರಿವಾಲ್ವರೇ ಗತಿ.

ಈ ನಾಡಿನ ರಿವಾಲ್ವರ್ ಪ್ರೇಮಕ್ಕೆ ದೊಡ್ಡ ಚರಿತ್ರೆಯಿದೆ. ರೇಂಜರ್ ಪಡೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರ್ ಹೇಳಿದಂತೆ ಸ್ಯಾಮ್ಯುಯೆಲ್ ಕೋಲ್ಟ್ 1847ರಲ್ಲಿ ಮಾಡಿಕೊಟ್ಟ ರಿವಾಲ್ವರ್ ಎರಡು ಕಿಲೋ ತೂಗುತ್ತಿತ್ತು. ಅದನ್ನು ಹೊರುತ್ತಿದ್ದದ್ದು ಮನುಷ್ಯನ ಸೊಂಟವಲ್ಲ, ಕುದುರೆಯ ಜೀನು. ನೂರು ವರ್ಷ ಕಳೆದು 1950ರಲ್ಲಿ ಸ್ಮಿತ್ ಆಂಡ್ ವೆಸನ್ ಕಂಪನಿ ಜೇಬಿಗೆ ಸಲೀಸಾಗಿ ಇಳಿಯುವ 'ಚೀಫ್ಸ್ ಸ್ಪೆಷಲ್' ತಂದಿತು: ಐದು ಗುಂಡು, ಎರಡು ಇಂಚಿಗೂ ತುಸು ಕಡಿಮೆ ನಳಿಗೆ. ಅದೇ ವಂಶದ ಅಲ್ಯೂಮಿನಿಯಂ ಮೈಯ 642 ಈಗ ಬರೀ 425 ಗ್ರಾಂ ಆಸುಪಾಸು. ಕುದುರೆ ಈಗ ಕಾರಾಗಿದೆ; ಹೊರುವವನು ನಾನು.

ಪಿಸ್ತೂಲಿನ ಕಡೆಯವರ ಮೂಲಪುರುಷರಲ್ಲಿ ಒಬ್ಬ ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್. ಪಿಸ್ತೂಲಿಗೆ ಕೈ ಹಾಕುವ ಮೊದಲು ಆತ ಮಾಡುತ್ತಿದ್ದ ಸಾಮಾನುಗಳಲ್ಲಿ ಕಿಟಕಿ ಪರದೆಯ ಸರಳೂ ಇತ್ತು. ಈ ಸಂಗತಿಯನ್ನು ನಾನು ಉತ್ಸಾಹದಿಂದ ಹೇಳಿದ್ದೇ ತಪ್ಪಾಯಿತು. "ನಮ್ಮ ಮಲಗೋ ಕೋಣೆ ಪರದೆ ಸರಳು ಬಿದ್ದು ಎಷ್ಟು ದಿನ ಆಯ್ತು?" ಎಂದು ಅವಳು ಶುರು ಮಾಡಿದಳು. ಎಕ್ಸೆಲ್ ಮುಚ್ಚಿ ಸ್ಟೂಲ್ ಹತ್ತಬೇಕಾಯಿತು.

ಇಳಿದು ಬಂದು ಮುಂದುವರಿಸಿದೆ. 2018ರಲ್ಲಿ ಸಿಗ್ ಸಾವರ್ ಕಂಪನಿ ಪಿ365 ಎಂಬುದನ್ನು ಬಿಟ್ಟಿತು. ವರ್ಷದ ಅಷ್ಟೂ ದಿನ ಮೈಮೇಲಿರಲಿ ಎಂದೇ ಆ ಹೆಸರು. ಒಂದಿಂಚು ದಪ್ಪ, ಅರ್ಧ ಕಿಲೋ ತೂಕ, ಅಷ್ಟರಲ್ಲೇ ಹತ್ತು ಗುಂಡಿನ ಮ್ಯಾಗಜೀನ್, ಮೇಲೆ ಚೇಂಬರಿನಲ್ಲಿ ಇನ್ನೊಂದು. ರಿವಾಲ್ವರಿನ ಐದಕ್ಕೆ ಇಲ್ಲಿ ಹನ್ನೊಂದು. ಲೆಕ್ಕದಲ್ಲಿ ಪಿಸ್ತೂಲು ಗೆದ್ದಂತೆಯೇ. ಆದರೆ ರಿವಾಲ್ವರಿನವರ ವಾದವೂ ಸುಲಭದ್ದಲ್ಲ. ಗುಂಡು ಹಾರದಿದ್ದರೆ ಕುದುರೆಯನ್ನು, ಅಂದರೆ ಟ್ರಿಗರನ್ನು, ಮತ್ತೊಮ್ಮೆ ಎಳೆದರಾಯಿತು, ಮುಂದಿನದು ತಾನಾಗಿ ಬಂದು ನಿಲ್ಲುತ್ತದೆ. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಂಡರೆ ಮ್ಯಾಗಜೀನ್ ತಟ್ಟಬೇಕು, ಸ್ಲೈಡ್ ಎಳೆಯಬೇಕು, ಆಮೇಲೆ ಗುರಿ. ಗಾಬರಿಯಾದರೆ ಮಗಳ ಹೆಸರಿನ ಬದಲು ಹೆಂಡತಿಯ ಹೆಸರು ಕೂಗುವ ನನ್ನಂಥವನಿಗೆ ಅಷ್ಟು ಹಂತಗಳು ದೊಡ್ಡ ಪರೀಕ್ಷೆ. ರಿವಾಲ್ವರಿನವರು ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿದೆ: ಹಗುರವಾದ ರಿವಾಲ್ವರ್ ಒದೆಯುವ ಏಟಿಗೆ ಕೆಲವೊಮ್ಮೆ ಉಳಿದ ತೋಟಾಗಳ ಸೀಸ ಮುಂದಕ್ಕೆ ಜಾರಿ, ಗುಂಡು ತುಂಬುವ ಉರುಳೆಯೇ ತಿರುಗದೆ ನಿಲ್ಲುತ್ತದೆ. ಆಗ ತಟ್ಟಿ ಎಳೆದರೆ ಆಗುವುದಿಲ್ಲ, ಮಿಸ್ತ್ರಿಯ ಹತ್ತಿರವೇ ಹೋಗಬೇಕು.

ಕೂತು ಓದಿದ್ದು ಸಾಕೆಂದು ಅಂಗಡಿಗೆ ಹೋದೆ. ಗಾಜಿನ ಕಪಾಟಿನ ಹಿಂದೆ ಎಪ್ಪತ್ತರ ಅಂಚಿನ ಅಜ್ಜಿ. ಖಾಲಿ ಇದೆಯೆಂದು ತಾನೂ ನೋಡಿ ನನಗೂ ತೋರಿಸಿ ಪಿಸ್ತೂಲು ಕೈಗಿಟ್ಟಳು, ಸ್ಲೈಡ್ ಎಳೆದು ನೋಡು ಎಂದಳು. ಎಳೆದೆ. ಅರ್ಧಕ್ಕೆ ಬಂದು ಜಾರಿ ಹಿಂದಕ್ಕೆ ಹೋಯಿತು. ಬಲಗೈ ಬೆವರು ಒರೆಸಿಕೊಂಡು, ಹಲ್ಲು ಕಚ್ಚಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಎಳೆದರೂ ಅದು ನನ್ನ ಮಾತು ಕೇಳಲಿಲ್ಲ. ಇಪ್ಪತ್ತೈದು ವರ್ಷ ಕೀಬೋರ್ಡ್ ಕುಟ್ಟಿದ ಬೆರಳುಗಳಿಗೆ ಒಳಗಿನ ಸ್ಪ್ರಿಂಗು ಮರ್ಯಾದೆ ಕೊಡಬೇಕಲ್ಲ. ಅಜ್ಜಿ ಕನಿಕರದಿಂದ ಇನ್ನೊಂದನ್ನು ತೆಗೆದಳು. ಶೀಲ್ಡ್ ಈಜೀ ಅಂತೆ, ಕೈಯಲ್ಲಿ ಬಲ ಕಡಿಮೆ ಇರುವವರಿಗಾಗಿಯೇ ಮಾಡಿದ್ದಂತೆ, ಸಂಧಿವಾತದ ತನ್ನ ಗೆಳತಿಯರೆಲ್ಲ ಅದನ್ನೇ ಇಟ್ಟುಕೊಂಡಿದ್ದಾರಂತೆ. ಮೀಸೆ ಸವರಿಕೊಂಡು ಬೇಡವೆಂದೆ.

ರಿವಾಲ್ವರಿಗೆ ಎಳೆಯುವ ಸ್ಲೈಡೇ ಇಲ್ಲ, ಬಚಾವಾದೆ ಎಂದುಕೊಂಡರೆ ಅದರ ಕುದುರೆ ಕೈಕೊಟ್ಟಿತು. ಗ್ಲಾಕ್‌ನಂಥದ್ದನ್ನು ಎಳೆಯಲು ಎರಡೂವರೆ ಕಿಲೋ ಒತ್ತಡ ಸಾಕಾದರೆ, ಪುಟ್ಟ ರಿವಾಲ್ವರಿಗೆ ಐದು ಕಿಲೋ ಮೀರುತ್ತದೆ. ತೂಕವೇ ಅರ್ಧ ಕಿಲೋ ಇಲ್ಲದ ವಸ್ತುವನ್ನು ಐದು ಕಿಲೋ ಬಲದಿಂದ ಎಳೆದರೆ ಆಗುವುದೇನು? ನಳಿಗೆ ಕಪಾಟಿನ ಮೇಲಿದ್ದ ತಗಡಿನ ಜಿಂಕೆಯಿಂದ ಹೊರಟು ಪಕ್ಕದ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತಿತು. ಇಂಥ ಪುಟ್ಟದ್ದು ನುರಿತವರ ಕೈಗೇ ಸರಿ, ಹೊಸಬರಿಗೆ ಕಷ್ಟ ಎಂದಳು ಅಜ್ಜಿ. ಅಂಗಡಿಯವರು ಸಾಮಾನು ಬೇಡ ಎನ್ನುವುದನ್ನು ನಾನು ಕೇಳಿದ್ದು ಅಲ್ಲೊಂದೇ ಕಡೆ.

ಮನೆಯಲ್ಲಿ ಆಗ ತೀರ್ಥಹಳ್ಳಿ ಕಡೆಯಿಂದ ಅತ್ತೆ ಬಂದಿದ್ದರು. ಆಯುಧದ ಬಗ್ಗೆ ನಿಜಕ್ಕೂ ತಿಳಿದವರು ಈ ಮನೆಯಲ್ಲಿ ಅವರೊಬ್ಬರೇ ಎಂಬುದು ನನಗೆ ಹೊಳೆದದ್ದು ತಡವಾಗಿ. ಫೋನಿನಲ್ಲಿ ತೋರಿಸಿದ ರಿವಾಲ್ವರಿನ ಉರುಳೆ ನೋಡಿ, "ಒಗ್ಗರಣೆ ಡಬ್ಬಿ ಇದ್ದ ಹಾಗಿದೆ, ಬಟ್ಟಲು ಐದೇನಾ?" ಎಂದರು.

"ಐದೇ ಅತ್ತೆ. ಪಿಸ್ತೂಲಾದರೆ ಹನ್ನೊಂದು."

"ಹನ್ನೊಂದು ಈಡು! ನಮ್ಮ ಯಜಮಾನರು ಕೇಪಿನ ಕೋವಿ ಇಟ್ಟುಕೊಂಡು ತೋಟ ಕಾದವರು. ಮದ್ದು ಹಾಕಿ, ಚರೆ ಹಾಕಿ, ಜಡಿದು, ಕೇಪು ಸಿಕ್ಕಿಸೋ ಹೊತ್ತಿಗೆ ಹಂದಿ ಊಟ ಮುಗಿಸಿ ಕೈ ತೊಳೆದಿರ್ತಿತ್ತು. ಅದೂ ಚುನಾವಣೆ ಬಂದ್ರೆ ಕೋವಿ ಸ್ಟೇಷನ್ನಲ್ಲಿ ಠೇವಣಿ. ನೀತಿಸಂಹಿತೆ ಜಾರಿಯಾದ್ದು ನಮಗಿಂತ ಮೊದಲು ಹಂದಿಗೆ ಗೊತ್ತಾಗ್ತಿತ್ತು."

ಅವರ ಉತ್ಸಾಹ ನೋಡಿ ಕಾನ್ಪುರದ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದೇ ತಂದ 'ನಿರ್ಭೀಕ್' ರಿವಾಲ್ವರಿನ ಕತೆ ಹೇಳಿದೆ. ಅರ್ಧ ಕಿಲೋ ತೂಕ, ಬೆಲೆ 1 ಲಕ್ಷ 22 ಸಾವಿರ ರೂಪಾಯಿ ಸುಮಾರು, ಕೊಡುತ್ತಿದ್ದದ್ದು ಒಡವೆಯ ಪೆಟ್ಟಿಗೆಯಂಥದ್ದರಲ್ಲಿ.

"ಪೆಟ್ಟಿಗೆ ತೆಗೆದಾಗ ಒಳಗೆ ಸರ ಇಲ್ಲ ಅಂತಾದ್ರೆ, ಮೊದಲ ಈಡು ಯಾರಿಗೆ ಬೀಳುತ್ತೆ ಅಂತ ಯೋಚಿಸಿದ್ರಾ ಅವರು?" ಎಂದರು ಅತ್ತೆ. ಒಳಗಿನಿಂದ ಮಗಳ ನಗು ಕೇಳಿಸಿತು.

ಕೊನೆಗೆ ಹೆಂಡತಿ ಷರತ್ತು ಹಾಕಿದಳು. ತರಬೇತಿಗೆಂದು ನೀಲಿ ಪ್ಲಾಸ್ಟಿಕ್ಕಿನ ಗೊಂಬೆ ಬಂದೂಕು ಸಿಗುತ್ತದೆ, ಅಳತೆ ನಿಜದ್ದೇ. ಅದನ್ನು ಒಂದು ತಿಂಗಳು ಸೊಂಟದಲ್ಲಿಟ್ಟುಕೊಂಡು ಮನೆಯೊಳಗೆ ಓಡಾಡಿ ತೋರಿಸಬೇಕು, ನಿಜದ್ದರ ಮಾತು ಆಮೇಲೆ. ಎರಡೂ ಬಗೆಯದನ್ನು ತರಿಸಿದೆ.

ಈ ವಿದ್ಯೆಯಲ್ಲಿ ಸೊಂಟವನ್ನು ಗಡಿಯಾರ ಎಂದುಕೊಳ್ಳುತ್ತಾರೆ. ಹೊಕ್ಕುಳು ಹನ್ನೆರಡು ಗಂಟೆ, ಬಲಪಕ್ಕೆ ಮೂರು. ಎಳೆಯರು ಪಿಸ್ತೂಲನ್ನು ಒಂದು ಗಂಟೆಯಲ್ಲಿ ಇಡುತ್ತಾರೆ. ನನ್ನ ಒಂದು ಗಂಟೆಯ ಜಾಗವನ್ನು ಹೊಟ್ಟೆ ಬಹುಕಾಲದಿಂದ ಒತ್ತುವರಿ ಮಾಡಿಕೊಂಡಿದೆ. ಕೂತರೆ ಹಿಡಿಕೆ ಮೇಲೆ ಬಂದು ಪಕ್ಕೆಲುಬಿಗೆ ತಿವಿಯುತ್ತದೆ, ನಳಿಗೆ ಯಾವ ಕಡೆ ಮುಖ ಮಾಡುತ್ತದೆ ಎಂಬುದನ್ನು ಸಂಸಾರಸ್ಥರು ಯೋಚಿಸಲೂ ಬಾರದು. "ಹಾಗಾದರೆ ನಾಲ್ಕು ಗಂಟೆಯಲ್ಲಿ ಇಡಬೇಕು" ಎಂದೆ. "ನಾಲ್ಕು ಗಂಟೆಗೆ ಕಾಫಿ ಕುಡೀರಿ" ಎಂದಳು. ಒಳಗಡೆ ಸಿಕ್ಕಿಸುವುದಾದರೆ ಎರಡಿಂಚು ದೊಡ್ಡ ಪ್ಯಾಂಟು ಕೊಳ್ಳಬೇಕೆಂದು ಬಲ್ಲವರು ಹೇಳುತ್ತಾರೆ. ಅದಕ್ಕೂ ಅವಳ ಉತ್ತರ ಸಿದ್ಧವಿತ್ತು: ಆ ಎರಡಿಂಚು ದೀಪಾವಳಿಯೊಳಗೆ ತಾನಾಗಿ ತುಂಬುತ್ತದೆ.

ಅಸಲು ತೊಡಕು ಬೇರೆ. ಆಫೀಸಿನಿಂದ ಬಂದ ಕೂಡಲೇ ನಾನು ಪಂಚೆಗೆ ಇಳಿಯುವವನು. ಪಂಚೆಗೆ ಬೆಲ್ಟಿಲ್ಲ, ಬೆಲ್ಟಿಲ್ಲದೆ ಹೋಲ್‌ಸ್ಟರಿಲ್ಲ. ಉಳಿದದ್ದು ಉಡುದಾರ. ಅರ್ಧ ಕಿಲೋ ಭಾರವನ್ನು ಆ ಕರಿದಾರಕ್ಕೆ ಕಟ್ಟಿ ಏಳಲು ಹೋದೆ. ದಾರ ತಡೆಯಿತು, ಪಂಚೆ ತಡೆಯಲಿಲ್ಲ. ಸೋಫಾದ ಮೇಲಿದ್ದ ಮಗಳು ಕಣ್ಣು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ದೇವರನ್ನು ಕರೆದಳು.

ಜೇಬಿನ ಮಟ್ಟಿಗೆ ರಿವಾಲ್ವರೇ ಸರಿ. ಗುಂಡಗಿನ ಮೈ, ಹೊರಗಿನಿಂದ ಪರ್ಸೋ ಏನೋ ಎನಿಸುತ್ತದೆ. ಉರುಳೆ ಮಾತ್ರ ಪಿಸ್ತೂಲಿಗಿಂತ ದಪ್ಪ. ಆದರೆ ಅದನ್ನಿಟ್ಟ ಜೇಬಿನಲ್ಲಿ ಒಂದು ಕೀಲಿಕೈ ಕೂಡ ಇರಕೂಡದು. ಕುದುರೆಗೆ ಏನಾದರೂ ತಗುಲಿದರೆ ಗತಿ ನೆಟ್ಟಗಿರುವುದಿಲ್ಲ. ನನ್ನ ಜೇಬು ಹೆಂಡತಿ ಪಂಚನಾಮೆ ಮಾಡಿದಳು: ಎರಡು ಏಲಕ್ಕಿ, ದೇವಸ್ಥಾನದ ಕಲ್ಲುಸಕ್ಕರೆ ಅಂಟಿದ ಪೊಟ್ಟಣ, ಒಂದು ಲವಂಗ, ಕಾಸ್ಟ್‌ಕೋ ಬಿಲ್ಲು, ಯಾರದೋ ಮದುವೆಯ ಅಕ್ಷತೆ. ಗೊಂಬೆ ರಿವಾಲ್ವರಿನ ಸಂದಿಗಳಲ್ಲಿ ಆಗಲೇ ಸಕ್ಕರೆ ಕೂತು ಇರುವೆ ಹತ್ತಿತ್ತು.

ಶನಿವಾರದ ತಿರುಗಾಟದ ಪಟ್ಟಿಯನ್ನೂ ಅವಳೇ ಬರೆದಳು. ಅಂಚೆ ಕಚೇರಿಗೆ ಕೇಂದ್ರದ ಕಾನೂನಿನಂತೆ ಬಂದೂಕು ಒಯ್ಯುವಂತಿಲ್ಲ. ಮಗಳ ಶಾಲೆಯ ಒಳಗೂ ಇಲ್ಲ. ದೇವಸ್ಥಾನದ ಬಾಗಿಲಲ್ಲಿ 30.06 ಎಂಬ ದಪ್ಪಕ್ಷರದ ಫಲಕವಿದೆ. ಟೆಕ್ಸಾಸ್ ದಂಡಸಂಹಿತೆಯ ಆ ಕಲಮಿನಂತೆ ಬಚ್ಚಿಟ್ಟುಕೊಂಡ ಬಂದೂಕಿಗೂ ಪ್ರವೇಶವಿಲ್ಲ. ಗೆಳೆಯರು ಸೇರುವ ಬಾರಿನಲ್ಲಿ ಕೆಂಪಕ್ಷರದ 51 ಪರ್ಸೆಂಟ್ ಫಲಕ, ಅಂದರೆ ಆದಾಯದ ಅರ್ಧಕ್ಕಿಂತ ಹೆಚ್ಚು ಹೆಂಡದ್ದು, ಅಲ್ಲೂ ನಿಷೇಧ. ನಮ್ಮ ಆಫೀಸಿನವರ ನಿಯಮವೂ ಅದನ್ನು ಒಪ್ಪುವುದಿಲ್ಲ.

"ಎಲ್ಲ ಕಳೆದು ಉಳಿದದ್ದು ಪೆಟ್ರೋಲ್ ಬಂಕು" ಎಂದು ಲೆಕ್ಕ ಮುಗಿಸಿದಳು. "ಅಲ್ಲಿ ನಿಮ್ಮನ್ನ ಯಾರಾದ್ರೂ ಅಡ್ಡಗಟ್ಟಿದರೆ ಹೇಳಿ, ನೋಡೋಣ."

ಇಷ್ಟಕ್ಕೂ ನಾನು ಸೋಲುತ್ತಿರಲಿಲ್ಲ. ಸೋಲಿಸಿದ್ದು ಡಿಸೆಂಬರಿನ ಬೆಂಗಳೂರು ಟಿಕೆಟ್ಟು. ಭಾರತದಲ್ಲಿ ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಕೇಸು ಬೀಳುತ್ತದೆ. ಏರ್‌ಪೋರ್ಟಿನಲ್ಲೇ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಇಲ್ಲಿಯವರ ಮರೆವೂ ಕಮ್ಮಿಯಿಲ್ಲ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪ್ರಯಾಣಿಕರ ಕೈಚೀಲಗಳಿಂದ ಸಿಕ್ಕ ಬಂದೂಕುಗಳೇ 6,737. ಕಳೆದ ಸಲ ಊರಿಗೆ ಹೊರಟಾಗ ನಾನು ಲ್ಯಾಪ್‌ಟಾಪ್ ಚೀಲದಲ್ಲಿ ಮರೆತದ್ದು ಅರ್ಧ ಕಚ್ಚಿದ ಚಕ್ಕುಲಿ. ಅದರ ಜಾಗದಲ್ಲಿ ತೋಟಾ ಇದ್ದಿದ್ದರೆ ಎಂದು ಅವಳು ಬಾಯಿಬಿಟ್ಟು ಹೇಳಲೂ ಇಲ್ಲ, ಸುಮ್ಮನೆ ಚಕ್ಕುಲಿಯ ಹೆಸರೆತ್ತಿದಳು.

ಆಯುಧಪೂಜೆ ಬಂತು. ಅತ್ತೆ ಕಾರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ ಕುಂಕುಮ ಇಟ್ಟು, ಮೊದಲ ಹೂವನ್ನು ತಾವೇ ಊರಿನಿಂದ ತಂದ ಈಳಿಗೆಮಣೆಗೆ ಏರಿಸಿದರು. ಐದೂವರೆ ಇಂಚು ಮೀರಿದ ಅಲಗನ್ನೂ ದೊಡ್ಡವರು 2017ರಿಂದ ಟೆಕ್ಸಾಸಿನ ಬಹುತೇಕ ಕಡೆ ರಾಜಾರೋಷವಾಗಿ ಒಯ್ಯಬಹುದು ಎಂದು ನಾನು ತಿಳಿಸಿದೆ. ಅತ್ತೆಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ, ಕುಂಬಳಕಾಯಿ ಹೆಚ್ಚುವುದಿತ್ತು. ನೀಲಿ ಗೊಂಬೆಗಳಿಗೂ ಒಂದೊಂದು ಬೊಟ್ಟು ಸಿಕ್ಕಿತು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದವರೊಬ್ಬರು ಆ ಗೊಂಬೆಗಳನ್ನು ನೋಡಿ, "ಇಷ್ಟೆಲ್ಲ ಓದಿದ್ದಾರಂತಲ್ಲ, ಕೊನೆಗೆ ನಿಮ್ಮ ಯಜಮಾನರು ತಗೊಂಡದ್ದು ರಿವಾಲ್ವರೋ ಪಿಸ್ತೂಲೋ?" ಎಂದು ಹೆಂಡತಿಯನ್ನು ಕೇಳಿದರು. ಎರಡರಲ್ಲಿ ಯಾವುದಾದರೂ ಮೊದಲು ಒಳ್ಳೆಯ ಬೆಲ್ಟು ಬೇಕು ಎಂಬಲ್ಲಿ ಮಾತ್ರ ಎರಡೂ ಪಕ್ಷದವರಿಗೆ ಒಮ್ಮತ.

"ಬೆಲ್ಟು ತಗೊಂಡಿದ್ದಾರೆ" ಎಂದಳು.

"ಅದೇ ಕಣಮ್ಮ, ನಮ್ಮ ಕಡೆ ಅಡಿಕೆ ವ್ಯಾಪಾರದವರು ಪಂಚೆ ಮೇಲೆ ಬಿಗೀತಿದ್ರಲ್ಲ, ಅಂಥದ್ದು" ಎಂದು ಅತ್ತೆ ಬಿಡಿಸಿ ಹೇಳಿದರು. "ಅಳಿಯಂದ್ರೇ, ಒಂಚೂರು ಎದ್ದು ತೋರಿಸಿ ಇವರಿಗೆ."