ಚಿತ್ರಕಾರಚರ್ಯಾ ಮೀಮಾಂಸೆ

(ಪೂರ್ವಪಕ್ಷ, ಸಿದ್ಧಾಂತ ಹಾಗೂ ಒಂದು ಅಶ್ವಪ್ರಕರಣ ಸಹಿತ)

ವೃತ್ತಿಪರ ಚಿತ್ರಕಾರ ಎಂದರೆ ಯಾರು? ಈ ಬಗ್ಗೆ ವಿದ್ವಾಂಸರಲ್ಲಿ ತೀವ್ರ ಮತಭೇದವಿದೆ. ವಿದ್ವಾಂಸರು ಎಂದರೆ ಇಲ್ಲಿ ಚಿತ್ರಕಾರನ ಮನೆ ಮಾಲೀಕರು, ಅವನ ಭಾವಮೈದುನ ಮತ್ತು ಸಾಲದ ಅರ್ಜಿಯ 'ಉದ್ಯೋಗ' ಎಂಬ ಕಲಮಿಗೆ ಬಂದು ಪೆನ್ನು ನಿಲ್ಲಿಸಿದ ಬ್ಯಾಂಕ್ ಗುಮಾಸ್ತರು. ಮೊದಲನೆಯವರ ಮತದಲ್ಲಿ ಅವನು ಬಾಡಿಗೆ ತಡಮಾಡುವವನು. ಎರಡನೆಯವರ ಮತದಲ್ಲಿ ಇನ್ನೂ ಕೆಲಸ ಸಿಗದವನು. ಮೂರನೆಯವರು ತುಸು ಯೋಚಿಸಿ 'ಪೇಂಟರ್' ಎಂದು ಬರೆದುಕೊಂಡು, ಒಳಗೋಡೆಗಾದರೆ ಚದರಡಿಗೆ ಎಷ್ಟು ತಗೋತೀರಿ ಎಂದು ವಿಚಾರಿಸಿದರು.

ಪ್ರಸ್ತುತ ಪ್ರಬಂಧವು ಈ ಮೂರೂ ಮತಗಳನ್ನು ಗೌರವಪೂರ್ವಕವಾಗಿ ಖಂಡಿಸಿ, ಚಿತ್ರಕಾರನೆಂದರೆ ಬಣ್ಣ ಒಣಗುವುದನ್ನು ಕಾಯುವವನು, ನಡುನಡುವೆ ಬಿಡುವಾದಾಗ ಬಣ್ಣ ಹಚ್ಚುವವನು ಎಂಬ ಸಿದ್ಧಾಂತವನ್ನು ಸ್ಥಾಪಿಸಲು ಹೊರಟಿದೆ. ಅಧ್ಯಯನದ ಕ್ಷೇತ್ರ ಬೆಂಗಳೂರಿನ ಹನುಮಂತನಗರದಲ್ಲಿ ಮೂರನೇ ಮಹಡಿಯ ಮೇಲೆ ಶೀಟು ಹೊದಿಸಿ ಎಬ್ಬಿಸಿದ ಒಂದು ಕೋಣೆ. ಆಕರ, ಅದರೊಳಗಿನ ಒಬ್ಬ ವ್ಯಕ್ತಿ. ಅವರನ್ನು ಮುಂದೆ 'ಆಕರರು' ಎಂದೇ ಕರೆಯಲಾಗುವುದು. ತಮ್ಮ ಹೆಸರು ದೊಡ್ಡಕ್ಷರದಲ್ಲಿ ಬರಲಿ, ಜೊತೆಗೆ ಫೋನ್ ನಂಬರೂ ಇರಲಿ ಎಂದು ಅವರು ಕೇಳಿಕೊಂಡರು. ಆದರೆ ಸಂಶೋಧನೆಯ ಶಿಸ್ತು ನಿಷ್ಠುರವಾದದ್ದು.

ಶಾಸ್ತ್ರಪ್ರಕರಣ

ಕಾಮಸೂತ್ರಕ್ಕೆ ಜಯಮಂಗಲಾ ವ್ಯಾಖ್ಯಾನ ಬರೆದ ಯಶೋಧರ ಚಿತ್ರಕ್ಕೆ ಆರು ಅಂಗಗಳನ್ನು ಎಣಿಸಿದ್ದಾನೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಏಳನೆಯದಾದ ಅಡ್ವಾನ್ಸ್ ಕುರಿತು ಯಶೋಧರ ಮೌನಿ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಇನ್ನೂ ವ್ಯಾವಹಾರಿಕ. ಗೋಡೆಯನ್ನು ಚಿತ್ರಕ್ಕೆ ಅಣಿಮಾಡುವ ವಜ್ರಲೇಪವನ್ನು ಅವನು ವಿವರಿಸುತ್ತಾನೆ: ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯ ಹದ ಬರುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ, ಬಿಸಿಲಿನಲ್ಲಿ ಒಣಗಿಸಬೇಕು. ಒಣಗಿಸಬೇಕು ಎಂಬುದನ್ನು ಗಮನಿಸಿ. ನಮ್ಮ ಸಿದ್ಧಾಂತಕ್ಕೆ ಇದು ರಾಜಪ್ರಮಾಣ. ಗ್ರಂಥಕರ್ತ ಸ್ವತಃ ಅರಸನಾದ್ದರಿಂದ ವಾಸನೆಯ ಬಗ್ಗೆ ಮನೆ ಮಾಲೀಕರ ತಕರಾರು ದಾಖಲಾಗಿಲ್ಲ. ಆಕರರು ಕೇವಲ ಟರ್ಪೆಂಟೈನ್ ಬಾಟಲಿ ತೆರೆದದ್ದಕ್ಕೆ ಕೆಳಮನೆಯವರು ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿದ್ದರು.

ಬೆಳಕಿನ ಪ್ರಕರಣ

ಚಿತ್ರಶಾಲೆಗೆ ಉತ್ತರದ ಕಿಟಕಿಯೇ ಶ್ರೇಷ್ಠ ಎನ್ನುವುದು ಯುರೋಪಿನಿಂದ ಬಂದ ವಾಡಿಕೆ. ನೇರ ಬಿಸಿಲು ಬೀಳುವುದಿಲ್ಲ, ಬೆಳಗಿನಿಂದ ಸಂಜೆವರೆಗೆ ತಣ್ಣನೆಯ ಒಂದೇ ಹದದ ಬೆಳಕು ಎಂಬುದು ಕಾರಣ. ಈ ಸೂತ್ರ ಬರೆದವರು ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಲ್ಲ. ನಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಹೀಗಾಗಿ ಆಕರರು ಐನೂರು ರೂಪಾಯಿ ಜಾಸ್ತಿ ಬಾಡಿಗೆಗೆ ಒಪ್ಪಿ ಹಿಡಿದ ಉತ್ತರದ ಕಿಟಕಿಗೆ ಆ ತಿಂಗಳುಗಳಲ್ಲಿ ಒಂದು ಹಳೇ ಲುಂಗಿ ಕಟ್ಟಬೇಕಾಗುತ್ತದೆ. ಲುಂಗಿ ನೀಲಿ ಚೌಕಳಿಯದು. ಆ ಅವಧಿಯ ಕೃತಿಗಳಲ್ಲಿ ಕಾಣುವ ನೀಲಿ ಛಾಯೆಯನ್ನು ಒಬ್ಬ ವಿಮರ್ಶಕರು 'ಮಹಾನಗರದ ಅಂತರ್ಮುಖಿ ವಿಷಾದ' ಎಂದು ಗುರುತಿಸಿದ್ದಾರೆ. ಆಕರರು ಅದನ್ನು ಕತ್ತರಿಸಿ ಫೈಲಿನಲ್ಲಿಟ್ಟುಕೊಂಡಿದ್ದಾರೆ. ಲುಂಗಿಯ ವಿಷಯ ವಿಮರ್ಶಕರಿಗೆ ತಿಳಿಸಿಲ್ಲ.

ಬೆಳಿಗ್ಗೆ ಎದ್ದೊಡನೆ ಆಕರರು ನಿನ್ನೆಯ ಚಿತ್ರವನ್ನು ಬಾಗಿಲ ಸಂದಿಯಿಂದ ಕಳ್ಳನೋಟದಲ್ಲಿ ನೋಡುತ್ತಾರೆ. ರಾತ್ರಿ ಚೆನ್ನಾಗಿತ್ತು ಅಂದುಕೊಂಡದ್ದು ಬೆಳಿಗ್ಗೆಯೂ ಚೆನ್ನಾಗಿದ್ದ ಉದಾಹರಣೆ ಕ್ಷೇತ್ರಕಾರ್ಯದಲ್ಲಿ ಸಿಗಲಿಲ್ಲ. ಆಮೇಲೆ ಕಣ್ಣು ಕಿರಿದು ಮಾಡುತ್ತಾರೆ. ವಿವರಗಳೆಲ್ಲ ಕರಗಿ ನೆರಳು-ಬೆಳಕಿನ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ, ಎಲ್ಲಿ ತೂಕ ತಪ್ಪಿದೆ ಎಂದು ತಿಳಿಯುತ್ತದೆ. ಆಮೇಲೆ ಬೆನ್ನು ತಿರುಗಿಸಿ ನಿಂತು ಶೇವಿಂಗ್ ಕನ್ನಡಿಯಲ್ಲಿ ನೋಡುತ್ತಾರೆ. ಎಡ ಬಲವಾದ ಕೂಡಲೇ, ದಿನವಿಡೀ ನೋಡಿ ಒಗ್ಗಿಹೋದ ಕಣ್ಣಿಗೆ ಸೊಟ್ಟ ಮೂಗು ಥಟ್ಟನೆ ಸಿಗುತ್ತದೆ. ಲಿಯೊನಾರ್ಡೊ ಡಾ ವಿಂಚಿ ಕೂಡ ಕನ್ನಡಿಯನ್ನೇ ಶಿಫಾರಸು ಮಾಡಿದ್ದ. ಕೊನೆಗೆ ಚಿತ್ರವನ್ನು ತಲೆಕೆಳಗು ನಿಲ್ಲಿಸುತ್ತಾರೆ. ಬಾಡಿಗೆಗೆಂದು ಮೇಲೆ ಬಂದಿದ್ದ ಮಾಲೀಕರು ಈ ಹಂತದಲ್ಲಿ ಚಿತ್ರ ನೋಡಿ, ಹೀಗೇ ಚೆನ್ನಾಗಿದೆ ಎಂದರು. ಕಳೆದ ಕೆಲವು ದಶಕಗಳ ಅಮೂರ್ತ ಕಲೆಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾವು ಓದಿಲ್ಲ.

ಒಣಪ್ರಕರಣ

ಇದು ಪ್ರಬಂಧದ ಹೃದಯಭಾಗ. ಓದುಗರು ನೆಟ್ಟಗೆ ಕೂರತಕ್ಕದ್ದು.

ಬಟ್ಟೆ ಆರುವಂತೆ ಎಣ್ಣೆಬಣ್ಣ ಆರುವುದಿಲ್ಲ. ಬಟ್ಟೆಯಿಂದ ನೀರು ಹೊರಗೆ ಹೋಗುತ್ತದೆ. ಅಗಸೆ ಎಣ್ಣೆಯಾದರೋ ಗಾಳಿಯಲ್ಲಿನ ಆಮ್ಲಜನಕವನ್ನು ಒಳಗೆ ಹೀರಿಕೊಂಡು ನಿಧಾನವಾಗಿ ಗಟ್ಟಿ ಪೊರೆಯಾಗುತ್ತದೆ. ಆದ್ದರಿಂದ ಒಣಗತೊಡಗಿದ ಚಿತ್ರ ಮೊದಲಿಗೆ ಹಗುರಾಗದೆ ಭಾರವಾಗುತ್ತದೆ. ಇದು ರಸಾಯನಶಾಸ್ತ್ರ, ನಮ್ಮ ಕುಚೋದ್ಯವಲ್ಲ. ಚಿತ್ರಕಾರ ಸುಮ್ಮನೆ ಕೂತಿದ್ದಾನೆ ಎಂದು ದೂರುವ ಭಾವಮೈದುನರು ತಿಳಿಯಲಿ: ಅವನು ಕೂತಷ್ಟು ಹೊತ್ತೂ ಅವನ ಕೃತಿಯ ತೂಕ ಏರುತ್ತಿರುತ್ತದೆ. ಬೇರೆ ಯಾವ ಕಚೇರಿಯಲ್ಲಿ ಸುಮ್ಮನೆ ಕೂತರೆ ಹೀಗಾಗುತ್ತದೆ?

ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಒಣಗುವುದೂ ಇಲ್ಲ. ಅಂಬರ್ ಎಂಬ ಕಂದುಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಒಂದೆರಡು ದಿನಕ್ಕೇ ಕೈಗೆ ಹತ್ತದಂತಾಗುತ್ತದೆ. ಐವರಿ ಬ್ಲ್ಯಾಕ್, ಕ್ಯಾಡ್ಮಿಯಂ ಕೆಂಪು ವಾರ ಕಳೆದರೂ ಹಸಿಹಸಿ. ಆಷಾಢದ ಜಿಟಿಜಿಟಿಯಲ್ಲಂತೂ ಚಿತ್ರದೊಳಗಿನ ಮರದ ಕಾಂಡ ಒಣಗಿ ನಿಂತಿರುತ್ತದೆ, ಕೊಂಬೆಯ ಮೇಲಿನ ಕಾಗೆ ಮಾತ್ರ ಹಸಿ. ಕೆಳಪದರಕ್ಕೆ ಎಣ್ಣೆ ಕಡಿಮೆ, ಮೇಲುಪದರಕ್ಕೆ ಹೆಚ್ಚು ಎಂಬ ನಿಯಮ ಬೇರೆ ಇದೆ. ಮೀರಿದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಕದಲಿ, ಚಿತ್ರ ಬಿರುಕು ಬಿಡುತ್ತದೆ. ವಾರ್ನಿಷ್ ಬಳಿಯಲು ವಾಡಿಕೆಯಂತೆ ಆರು ತಿಂಗಳಾದರೂ ಕಾಯಬೇಕು. ಗಿರಾಕಿಯ ಗೃಹಪ್ರವೇಶ ಬರುವ ಶುಕ್ರವಾರ.

ಒಣಗಿದೆಯೇ ಎಂದು ತಿಳಿಯಲು ಇರುವ ಉಪಾಯ ಒಂದೇ, ಬೆರಳಿನಿಂದ ಮುಟ್ಟಿ ನೋಡುವುದು. ಮುಟ್ಟಿದ ಗುರುತನ್ನು ತಿದ್ದಬೇಕು. ತಿದ್ದಿದ್ದು ಒಣಗಬೇಕು. ಒಣಗಿದೆಯೇ ಎಂದು ಮುಟ್ಟಿ ನೋಡಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಚಕ್ರಕ ದೋಷ ಎಂದು ಹೆಸರು. ಆಕರರು ಇದನ್ನು ಸ್ಟುಡಿಯೋ ಪ್ರಾಕ್ಟೀಸ್ ಎನ್ನುತ್ತಾರೆ.

ಕಾಯುವ ಹೊತ್ತಿನಲ್ಲಿ ಚಿತ್ರಕಾರ ಏನು ಮಾಡುತ್ತಾನೆ? ಬಾರ್ ಸೋಪನ್ನು ಅಂಗೈಯಲ್ಲಿಟ್ಟು ಬ್ರಷ್ಷನ್ನು ಅದರ ಮೇಲೆ ಗಿರಗಿರನೆ ತಿರುಗಿಸಿ, ನೊರೆ ಬೆಳ್ಳಗೆ ಬರುವವರೆಗೂ ತೊಳೆಯುತ್ತಾನೆ. ಕ್ಯಾನ್ವಾಸ್ ಬಿಗಿಯುತ್ತಾನೆ: ಮೊದಲು ನಾಲ್ಕೂ ಅಂಚಿನ ನಡುವಿಗೆ ಒಂದೊಂದು ಪಿನ್ನು, ಆಮೇಲೆ ಎದುರುಬದುರಾಗಿ ಎಳೆಯುತ್ತಾ ಮೂಲೆಗೆ, ಕೊನೆಗೆ ಬೆರಳಿನಿಂದ ತಟ್ಟಿ ತಮಟೆಯ ನಾದ ಬಂತೇ ಎಂದು ಪರೀಕ್ಷೆ. ಇವೆಲ್ಲಕ್ಕಿಂತ ದೀರ್ಘವಾದ ಕರ್ಮ ಬಿಳಿ ಟ್ಯೂಬಿನದು. ಬೇರೆಲ್ಲ ಬಣ್ಣವೂ ಬಿಳಿಯನ್ನು ತಿನ್ನುವುದರಿಂದ ಮೊದಲು ಮುಗಿಯುವುದೇ ಅದು. ತವರದ ಟ್ಯೂಬಿಗೆ 1841ರಲ್ಲಿ ಪೇಟೆಂಟ್ ಪಡೆದ ಜಾನ್ ಗಾಫ್ ರ‍್ಯಾಂಡ್ ಸ್ವತಃ ಚಿತ್ರಕಾರ. ಅದಕ್ಕೂ ಮೊದಲು ಬಣ್ಣ ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಬರುತ್ತಿತ್ತು. ಆಕರರು ಟ್ಯೂಬಿನ ಬಾಲವನ್ನು ಬ್ರಷ್ಷಿನ ಹಿಡಿಗೆ ಸುತ್ತಿ ಮಗುಚುತ್ತಾ ಬರುತ್ತಾರೆ. ಆಗದಿದ್ದರೆ ಲಟ್ಟಣಿಗೆ ಓಡಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕತ್ತರಿಯಿಂದ ಹೊಟ್ಟೆ ಸೀಳಿ ಒಳಗೋಡೆಯನ್ನು ಚಾಕುವಿನಿಂದ ಕೆರೆಯುತ್ತಾರೆ. ಇಷ್ಟಾಗಿ ಸಿಕ್ಕಿದ ಹುಣಿಸೆಬೀಜದಷ್ಟು ಬಿಳಿಯಲ್ಲಿ ಒಂದು ಮೋಡದ ಅಂಚು ಮುಗಿಯಿತು. ನಂತರ ಬ್ರಷ್ಷನ್ನು ಟರ್ಪೆಂಟೈನ್ ಲೋಟಕ್ಕೆ ಅದ್ದಲು ಹೋಗಿ ಕಾಫಿಗೆ ಅದ್ದಿದರು. ಕಾಫಿಯನ್ನು ಚೆಲ್ಲಲಿಲ್ಲ.

ಸಿದ್ಧಾಂತಕ್ಕೆ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದ ಚಿತ್ರಕಾರ ಕೆ. ವೆಂಕಟಪ್ಪ (1886–1965) ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತಿದ್ದರು. ಬಣ್ಣ ಒಣಗುವ ಹೊತ್ತಿನಲ್ಲಿ ನುಡಿಸಿರಬೇಕು ಎಂದು ನಾವು ಸಂತೋಷದಿಂದ ಊಹಿಸಿದೆವು. ಆದರೆ ಕಸ್ತೂರ್ಬಾ ರಸ್ತೆಯ ಅವರ ಹೆಸರಿನ ಗ್ಯಾಲರಿಯಲ್ಲಿರುವ ಊಟಿಯ ದೃಶ್ಯಗಳು ಜಲವರ್ಣದವು. ಒಂದು ಪಲ್ಲವಿ ಮುಗಿಯುವುದರೊಳಗೆ ಒಣಗುವಂಥವು. ಈ ತೊಡಕನ್ನು ಅಡಿಟಿಪ್ಪಣಿಯಲ್ಲಿ ಪರಿಹರಿಸಲಾಗಿತ್ತು. ಅಡಿಟಿಪ್ಪಣಿಯನ್ನು ಜಾಗವಿಲ್ಲವೆಂದು ಮುದ್ರಕರು ಬಿಟ್ಟಿದ್ದಾರೆ.

ಸಂತೆಯ ಪ್ರಕರಣ

2003ರಿಂದ ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸಿಕೊಂಡು ಬಂದಿರುವ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಎರಡೂ ಬದಿ ಚಿತ್ರಕಾರರು ಕೂರುತ್ತಾರೆ, ನಡುವೆ ಊರಿಗೆ ಊರೇ ಹರಿಯುತ್ತದೆ. ಆ ಪ್ರವಾಹದಿಂದ ಆಕರರತ್ತ ತೂರಿಬಂದ ಪ್ರಶ್ನೆಗಳಲ್ಲಿ ಕೆಲವು: ಇದನ್ನ ನೀವೇ ಬರೆದಿದ್ದಾ? ಪೂರ್ತಿ ಕೈಯಲ್ಲೇನಾ? ನಮ್ಮ ಹುಡುಗಿನೂ ಬರೀತಾಳೆ, ಸುಮ್ನೆ ಒಂದ್ಸಲ ನೋಡ್ತೀರಾ? ಫ್ರೇಮ್ ಬೇಡ ಅಂದ್ರೆ ಎಷ್ಟಾಗುತ್ತೆ? ಚಿತ್ರ ಬೇಡ, ಫ್ರೇಮ್ ಮಾತ್ರ ಕೊಡ್ತೀರಾ?

ಇವೆಲ್ಲಕ್ಕಿಂತ ಶಾಸ್ತ್ರೀಯ ಮಹತ್ವದ್ದು 'ಎಷ್ಟು ದಿನ ಹಿಡೀತು?' ಎಂಬುದು. ಕಡಿಮೆ ಹೇಳಿದರೆ ಇಷ್ಟಕ್ಕೆ ಅಷ್ಟೊಂದು ದುಡ್ಡೇ ಎನ್ನುತ್ತಾರೆ. ಹೆಚ್ಚು ಹೇಳಿದರೆ ಪಾಪ, ಕೈ ನಿಧಾನ ಎನ್ನುತ್ತಾರೆ. 1878ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಚಿತ್ರಕಾರ ವಿಸ್ಲರ್‌ಗೂ ಇದೇ ಪ್ರಶ್ನೆ ಎದುರಾಗಿತ್ತು. ಎರಡು ದಿನದ ಕೆಲಸಕ್ಕೆ ಇನ್ನೂರು ಗಿನಿಯೇ ಎಂದಾಗ, ಅದು ಬದುಕಿಡೀ ಗಳಿಸಿದ ಅರಿವಿನ ಬೆಲೆ ಎಂದು ಅವನು ಉತ್ತರಿಸಿದ. ಕಲಾವಿದರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮೊಕದ್ದಮೆ ಗೆದ್ದ ಅವನಿಗೆ ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷ ಅವನು ದಿವಾಳಿಯಾದ. ಆಕರರು ಮಾತ್ರ 'ಒಣಗೋದೂ ಸೇರಿಸಿಯಾ?' ಎಂದು ಮರುಪ್ರಶ್ನೆ ಹಾಕಿದರು. ಪ್ರಬಂಧಕಾರರಿಗೆ ರೋಮಾಂಚನವಾಯಿತು. ಗಿರಾಕಿ ಮುಂದಿನ ಅಂಗಡಿಗೆ ಹೋದರು.

ಅಶ್ವಪ್ರಕರಣ

ಆಕರರು ಅಮೂರ್ತ ಕಲಾವಿದರು. ಅವರ ಅನ್ನ ಬರುವುದು ಕುದುರೆಗಳಿಂದ. ನಗರದ ಸಾವಿರಾರು ಬೈಠಕ್‌ಖಾನೆಗಳಲ್ಲಿ ಓಡುತ್ತಿರುವ ಏಳು ಬಿಳಿ ಕುದುರೆಗಳನ್ನು ಓದುಗರು ಬಲ್ಲರು. ವಾಸ್ತು ಹೇಳುವವರ ಪ್ರಕಾರ ಅವು ಮನೆಯ ಒಳಮುಖವಾಗಿ ಓಡಬೇಕು, ಕಡಿವಾಣ ಇರಬಾರದು, ಯಾವುದೂ ಹಿಂದುಳಿಯಬಾರದು. ಸೋಫಾದ ಬಣ್ಣಕ್ಕೆ ಆಕಾಶ ಹೊಂದಬೇಕೆಂಬುದು ಗೃಹಿಣಿಯರು ಸೇರಿಸಿದ ಉಪಸೂತ್ರ. ಒಬ್ಬ ಗಿರಾಕಿ ಚಿತ್ರದ ಮುಂದೆ ನಿಂತು ಕಾಲುಗಳನ್ನು ಎಣಿಸಿ, ಇಪ್ಪತ್ತೆಂಟು ಇರಬೇಕಿತ್ತು, ಹತ್ತೊಂಬತ್ತೇ ಇವೆ ಎಂದು ಆಕ್ಷೇಪಿಸಿದರು. ಒಂದು ಕುದುರೆಯ ಕಾಲು ಇನ್ನೊಂದರ ಹಿಂದೆ ಮರೆಯಾಗಿದೆ, ಧೂಳೂ ಎದ್ದಿದೆ ಎಂದು ಆಕರರು ವಿವರಿಸಿದರು. ಹಾಗಾದರೆ ಹತ್ತೊಂಬತ್ತು ಕಾಲಿನ ರೇಟು ಹಾಕಿ ಎಂಬ ತೀರ್ಮಾನಕ್ಕೆ ಬರಲಾಯಿತು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಕುದುರೆಗಳನ್ನು ಅಕ್ರಿಲಿಕ್‌ನಲ್ಲಿ ಬರೆಯುತ್ತಾರಲ್ಲ, ಅದು ನಿಮಿಷಗಳಲ್ಲಿ ಒಣಗುತ್ತದಲ್ಲ, ನಿಮ್ಮ ಸಿದ್ಧಾಂತದ ಗತಿಯೇನು? ಸಮಾಧಾನ ಹೀಗೆ: ಬಣ್ಣ ಬೇಗ ಒಣಗಿದಾಗ ಕಾಯುವಿಕೆ ನಾಶವಾಗುವುದಿಲ್ಲ, ಹಣಕ್ಕೆ ವರ್ಗವಾಗುತ್ತದೆ. ಗುರುವಾರ ಒಣಗಿದ ಕುದುರೆಗಳ ಬಾಕಿ ದೀಪಾವಳಿ ಕಳೆದರೂ ಹಸಿಯಾಗಿಯೇ ಇತ್ತು. ಪೂರ್ವಪಕ್ಷಿ ಕೂರುತ್ತಾನೆ.

ಸಮಾಪ್ತಿಪ್ರಕರಣ

ಚಿತ್ರ ಮುಗಿಯುವುದು ಯಾವಾಗ? ಪ್ಯಾರಿಸ್ಸಿನ ಕಲಾವ್ಯಾಪಾರಿ ವೊಲಾರ್ 1899ರಲ್ಲಿ ಚಿತ್ರಕಾರ ಸೆಜಾನ್ ಎದುರು ಭಾವಚಿತ್ರಕ್ಕೆಂದು ಕೂತ. ಅವನೇ ಬರೆದಿಟ್ಟ ಪ್ರಕಾರ 115 ಸಲ ಕೂತ. ಒಮ್ಮೆ ತೂಕಡಿಸಿ ಕೆಳಗೆ ಬಿದ್ದಾಗ, ಸೇಬಿನ ಹಾಗೆ ಅಲ್ಲಾಡದೆ ಕೂರಬೇಕೆಂದು ಬೈಸಿಕೊಂಡ. ಕೊನೆಗೆ ಕೈಯ ಮೇಲೆ ಎರಡು ಚುಕ್ಕೆಯಷ್ಟು ಬರಿ ಕ್ಯಾನ್ವಾಸ್ ಉಳಿದಿತ್ತು. ಅಲ್ಲಿ ತಪ್ಪು ಬಣ್ಣ ಬಿದ್ದರೆ ಇಡೀ ಚಿತ್ರವನ್ನು ಅಲ್ಲಿಂದಲೇ ಮತ್ತೆ ಶುರುಮಾಡಬೇಕಾದೀತು ಎಂದ ಸೆಜಾನ್, ಅಂಗಿಯ ಎದೆಭಾಗ ಮಾತ್ರ ಪರವಾಗಿಲ್ಲ ಎಂದು ಸಮಾಧಾನಪಟ್ಟುಕೊಂಡ. ಬೊನ್ನಾರ್ ಎಂಬ ಇನ್ನೊಬ್ಬನಂತೂ ವಸ್ತುಸಂಗ್ರಹಾಲಯದಲ್ಲಿ ಗೆಳೆಯನನ್ನು ಕಾವಲುಗಾರನ ಜೊತೆ ಮಾತಿಗೆ ಬಿಟ್ಟು, ಗೋಡೆಯಲ್ಲಿದ್ದ ತನ್ನದೇ ಚಿತ್ರವನ್ನು ಕದ್ದು ತಿದ್ದಿದನೆಂಬ ಪ್ರತೀತಿಯಿದೆ.

ಹನುಮಂತನಗರದ ಆಕರರೂ ಈ ಪರಂಪರೆಗೆ ಸೇರಿದವರು. ಮೂರನೇ ಕುದುರೆಯ ಕಣ್ಣು ಸರಿಬಂದಿಲ್ಲ ಎಂಬುದು ಅವರಿಗೆ ಚಿತ್ರ ಕೊಟ್ಟ ರಾತ್ರಿಯೇ ಹೊಳೆದಿತ್ತು. ಬಾಕಿ ಕೇಳುವ ನೆಪದಲ್ಲಿ ಜೇಬಿನಲ್ಲಿ ಸಣ್ಣ ಬ್ರಷ್ಷು, ಕಪ್ಪು ಟ್ಯೂಬು ಇಟ್ಟುಕೊಂಡು ಗಿರಾಕಿಯ ಮನೆಗೆ ಹೋದರು. ಯಜಮಾನರು ಚೆಕ್ ಪುಸ್ತಕ ಹುಡುಕಲು, ಮನೆಯವರು ಉಪ್ಪಿಟ್ಟು ತರಲು ಒಳಹೋದ ಹೊತ್ತಿನಲ್ಲಿ ಸೋಫಾ ಹತ್ತಿ ಕಣ್ಣನ್ನು ತಿದ್ದಿದರು. ನಾವು ಬಾಗಿಲು ಕಾಯ್ದೆವು. ಚೆಕ್ ಪುಸ್ತಕ ಸಿಗಲಿಲ್ಲ, ಉಪ್ಪಿಟ್ಟು ಚೆನ್ನಾಗಿತ್ತು. ಮರುವಾರ ಯಜಮಾನರ ಫೋನ್ ಬಂತು: ವಾಸ್ತು ಪಂಡಿತರು ಬಂದು ನೋಡಿದ್ದಾರೆ, ಮೂರನೇ ಕುದುರೆ ಬೀದಿ ಬಾಗಿಲ ಕಡೆ ನೋಡುತ್ತಿದೆಯಂತೆ, ದುಡ್ಡು ಮನೆಯಿಂದ ಹೊರಗೆ ಹೋಗುವ ಸೂಚನೆಯಂತೆ, ಆದ್ದರಿಂದ ಅದು ಸರಿಹೋಗುವವರೆಗೂ ಬಾಕಿ ಕೊಡುವುದು ಶಾಸ್ತ್ರಕ್ಕೆ ವಿರುದ್ಧವಂತೆ.