ಮೂಸಿ ನೋಡಿ ಹೋಗುವ ಬೆಕ್ಕು

ಕಾಂಪೌಂಡ್ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಅಕ್ಕ, ಕೈಯಲ್ಲಿದ್ದ ಸೀರೆ ಹಾಗೇ ಹಿಡಿದುಕೊಂಡು ಕೇಳಿದರು: "ನಮ್ಮ ಮುದ್ದು ನಿನ್ನೆ ಬೆಳಗ್ಗೆಯಿಂದ ಏನೂ ಮುಟ್ಟಿಲ್ಲ ಕಣೆ. ಬರುತ್ತೆ, ಮೂಸುತ್ತೆ, ಹೋಗುತ್ತೆ. ಹಸಿವಾದ್ರೆ ತಾನೇ ತಿನ್ನುತ್ತೆ ಬಿಡು ಅಂತಾರೆ ನಮ್ಮನೆಯವರು."

"ಬೇಡ ಅಕ್ಕ, ಹಾಗೆ ಕಾಯೋದೊಂದು ಬೇಡ," ಅಂದೆ. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಲಿವರಿಗೆ ಬಂದು ತುಂಬಿಕೊಳ್ಳಬಹುದು, ಆಮೇಲೆ ಉಳಿಸಿಕೊಳ್ಳುವುದು ಕಷ್ಟ. ಮುದ್ದುವಿನ ಹಾಗೆ ದುಂಡಗಿರುವ ಬೆಕ್ಕಿಗೆ ಭಯ ಇನ್ನೂ ಜಾಸ್ತಿ. ಒಂದು ದಿನ ಪೂರ್ತಿ ತಿನ್ನದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಸಂಜೆಯೇ ಹೋಗಿಬನ್ನಿ ಅಂದೆ.

ಮುದ್ದುವಿನಂಥ ಪರ್ಷಿಯನ್ ಬೆಕ್ಕು ಅಂದರೆ ಬರೀ ಚೂಸಿ ಅಂತ ಜನ ಹೇಳಿಬಿಡುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅದರ ಮುಖ ನೋಡಿ! ಮೂಗು ಒಳಗೆ ಹೋಗಿದೆ, ದವಡೆ ಗಿಡ್ಡ. ನಮ್ಮ ಪರ್ಷಿಯನ್ ಬೆಕ್ಕು ಬೆಳ್ಳಿ ಬಂದ ಹೊಸತರಲ್ಲಿ ಆಳದ ಸ್ಟೀಲ್ ಬಟ್ಟಲಲ್ಲಿ ಒಣ ಆಹಾರ ಹಾಕುತ್ತಿದ್ದೆ. ಒಂದು ದಿನ ನೆಲದ ಮೇಲೆ ಕೂತು ಹತ್ತಿರದಿಂದ ನೋಡಿದೆ. ಹಲ್ಲಿನಿಂದ ಕಚ್ಚಲು ಆಗದೆ, ನಾಲಿಗೆಯ ಅಡಿಭಾಗಕ್ಕೆ ಕಾಳು ಅಂಟಿಸಿಕೊಂಡು ಎತ್ತುತ್ತಿತ್ತು. ಮೂರು ಸಲ ಎತ್ತಿದರೆ ಎರಡು ಸಲ ಜಾರಿ ಬೀಳುತ್ತಿತ್ತು. ಮೂಗು ಬಟ್ಟಲಿನ ಅಂಚಿಗೆ ತಾಗುತ್ತಿತ್ತು. ಆವತ್ತೇ ಕಾಫಿ ಲೋಟದ ಸಾಸರಿಗೆ ಹಾಕಿಟ್ಟೆ. ಪೂರ್ತಿ ತಿಂದಿತು. ಅಷ್ಟು ದಿನ ಹಟ ಅಂದುಕೊಂಡಿದ್ದೆನಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

"ಮುದ್ದುವಿನ ಊಟ ಫ್ರಿಜ್ಜಿನಿಂದ ತೆಗೆದು ಹಾಗೇ ಕೊಡ್ತೀರಾ?" ಅಂತ ಕೇಳಿದೆ.

"ಹೂಂ, ಇನ್ನೇನು?"

ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ವಾಸನೆ ಬರದಿದ್ದರೆ ಬೆಕ್ಕಿಗೆ ಅದು ಊಟವೇ ಅಲ್ಲ. ಬಟ್ಟಲನ್ನು ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟು, ಬೆರಳಿಗೆ ಉಗುರುಬೆಚ್ಚಗೆ ತಾಗುವ ಹಾಗೆ ಮಾಡಿ ಕೊಡಿ.

ಅಕ್ಕ ದನಿ ತಗ್ಗಿಸಿದರು. "ನಮ್ಮ ಮನೇಲಿ ಗೊತ್ತಲ್ಲ, ಮೀನು ಮಾಂಸ ಬೇಯಿಸಲ್ಲ. ಹಾಲು ಅನ್ನ ಅಭ್ಯಾಸ ಮಾಡಿದ್ರೆ ಆಗಲ್ವಾ?"

ಆಗಲ್ಲ ಅಂತ ನೇರವಾಗಿಯೇ ಹೇಳಿದೆ. ಬೆಕ್ಕು ಮಾಂಸಾಹಾರಿ. ಟಾರೀನ್ ಎನ್ನುವ ಅಂಶ ಸಾಕಷ್ಟು ಅದರ ಮೈಯಲ್ಲಿ ತಯಾರಾಗುವುದಿಲ್ಲ, ಆಹಾರದಿಂದಲೇ, ಮುಖ್ಯವಾಗಿ ಮಾಂಸದಿಂದ, ಬರಬೇಕು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಜೊತೆಯವರು ತೋರಿಸಿದ್ದು ಇದನ್ನೇ: ಟಾರೀನ್ ಕಡಿಮೆಯಾದ ಬೆಕ್ಕುಗಳ ಹೃದಯ ಹಿಗ್ಗಿ ಸೋಲುತ್ತಿತ್ತು, ಅದನ್ನು ಸೇರಿಸಿ ಕೊಟ್ಟಾಗ ಎಷ್ಟೋ ಬೆಕ್ಕುಗಳು ಚೇತರಿಸಿಕೊಂಡವು. ಅಂಗಡಿಯ ಡಬ್ಬಿ ಆಹಾರ ತಿಂದ ಬೆಕ್ಕುಗಳಿಗೇ ಹಾಗಾಗಿತ್ತು, ಆಮೇಲೆ ಕಂಪನಿಗಳು ಟಾರೀನ್ ಹೆಚ್ಚಿಸಿದವು. ಹಾಲಂತೂ ಬೆಳೆದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಸರಿಯಾಗಿ ಜೀರ್ಣವಾಗದೆ ಭೇದಿ ಹಿಡಿಯಬಹುದು. ನಮ್ಮ ವ್ರತ ನಮಗಿರಲಿ ಅಕ್ಕ, ಅದರ ಹೊಟ್ಟೆ ಬೇರೆ. ಬೇಯಿಸುವುದೂ ಬೇಡ. ಪೂರ್ಣ ಆಹಾರ ಅಂತ ಬರೆದಿರುವ ಪೌಚ್ ತನ್ನಿ. ಅದರಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ನೀರು ಕಡಿಮೆ ಕುಡಿಯುವ ಪ್ರಾಣಿಗೆ ಅದೂ ಒಂದು ಉಪಕಾರ. ಪರ್ಷಿಯನ್‌ಗಳಲ್ಲಿ ಕಿಡ್ನಿಯ ಗುಳ್ಳೆಗಳ ಕಾಯಿಲೆ ವಂಶದಲ್ಲೇ ಬರುವುದುಂಟು, ಅದನ್ನೂ ಡಾಕ್ಟರ ಹತ್ತಿರ ಕೇಳಿ.

"ನಾಳೆಯಿಂದಲೇ ಬದಲಾಯಿಸ್ತೀನಿ."

"ಒಮ್ಮೆಲೇ ಬೇಡ. ಹಳೆಯದರ ಜೊತೆ ಒಂದೊಂದು ಚಮಚ ಹೊಸದು ಬೆರೆಸಿ, ಒಂದು ವಾರ, ಹತ್ತು ದಿನ ತಗೊಳ್ಳಿ."

ಮರುದಿನ ಬೆಳಗ್ಗೆ ಗೋಡೆಯ ಮೇಲಿಂದ ಅವರ ಕೈ ಮೊದಲು ಕಾಣಿಸಿತು. "ಒಸಡು ಊದಿತ್ತಂತೆ ಕಣೆ, ಪಾಪ, ನೋವಿಗೆ ತಿನ್ನುತ್ತಿರಲಿಲ್ಲ. ಔಷಧಿ ಕೊಟ್ಟಿದ್ದಾರೆ. ರಾತ್ರಿ ಬೆಚ್ಚಗೆ ಮಾಡಿ ಕೊಟ್ಟೆ, ಅರ್ಧ ಪೌಚ್ ನೆಕ್ಕಿತು." ಆಮೇಲೆ, "ನಿಮ್ಮನೇಲಿ ಇನ್ನೊಂದು ಸಾಸರ್ ಇದೆಯಾ?"