ಸಾಮಾನು ಸಹಿತ

ಜಹೀರಾಬಾದಿನಲ್ಲಿರುವ ನಮ್ಮ ಹಿರಿಯರ ಮನೆಯನ್ನು ಬಾಡಿಗೆಗೆ ಕೊಡತಕ್ಕದ್ದೆಂಬ ತೀರ್ಮಾನಕ್ಕೆ ಕುಟುಂಬದವರೆಲ್ಲರೂ ಒಂದೇ ಸಂಜೆಯಲ್ಲಿ, ಬಟ್ಟಲಿನ ಚಹಾ ಆರುವುದರೊಳಗಾಗಿ ಬಂದುಬಿಟ್ಟರೆಂದರೆ, ನಮ್ಮ ವಂಶದ ಸ್ವಭಾವವನ್ನು ಬಲ್ಲವರು ಸುಲಭವಾಗಿ ನಂಬಲಾರರು. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಮನೆಗೆ ಬೀಗ ಬಿದ್ದಿತ್ತು. ಮಕ್ಕಳಾದ ನಾವು ಹೈದರಾಬಾದು, ಕಲಬುರಗಿ, ಪುಣೆಗಳಲ್ಲಿ ಚದುರಿದ್ದೆವು. ಮನುಷ್ಯವಾಸವಿಲ್ಲದ ಮನೆಗೆ ಗೆದ್ದಲೂ ಹೆಗ್ಗಣವೂ ಯಜಮಾನರಾಗುತ್ತವೆಂಬ ಸತ್ಯವನ್ನು ಅಲ್ಲಗಳೆಯುವುದು ಯಾರಿಂದಲೂ ಆಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಬಂದ ದಲಾಲಿಯು ಪಡಸಾಲೆಯ ನಡುವೆ ನಿಂತು, ಸುತ್ತಲೂ ಒಮ್ಮೆ ಕಣ್ಣಾಡಿಸಿ, “ಸಾಮಾನ್ ಸಮೇತ ಕೊಡ್ತೀರೋ, ಖಾಲಿ ಮಾಡಿ ಕೊಡ್ತೀರೋ ಸಾಹೇಬ್ರ?” ಎಂದು ಕೇಳಿದ್ದೇ ತಡ, ಹಿಂದಿನ ಸಂಜೆಯ ಐಕಮತ್ಯವು ನಿಂತಲ್ಲಿಯೇ ಮುರಿದುಬಿದ್ದಿತು.

ಪ್ರಶ್ನೆಯ ಗಾಂಭೀರ್ಯವು ವಾಚಕರಿಗೆ ತಿಳಿಯಬೇಕಾದರೆ ಮನೆಯೊಳಗೆ ಏನೇನಿತ್ತೆಂಬುದನ್ನು ಮೊದಲು ಹೇಳಬೇಕು. ತಾಂಡೂರಿನ ನೀಲಿ ಫರಸಿ ಹಾಸಿದ ನೆಲ. ಅದರ ಮೇಲೆ, ಮುರಿದ ಕಾಲಿಗೆ ಇಟ್ಟಿಗೆಯ ಆಸರೆ ಪಡೆದು ನಿಂತ ಸಾಗುವಾನಿಯ ಕಪಾಟು. ಮದುವೆಯ ಅಡುಗೆಗಲ್ಲದೆ ಮತ್ತಾವ ಕಾರ್ಯಕ್ಕೂ ಒದಗದಷ್ಟು ವಿಶಾಲವಾದ, ಕಂಠದಲ್ಲಿ ಅಜ್ಜನ ಹೆಸರನ್ನು ಚುಕ್ಕೆಚುಕ್ಕೆಯಾಗಿ ಕೊರೆಸಿದ ತಾಮ್ರದ ಹಂಡೆಗಳು. ನುಲಿ ಸಡಿಲಿದ ಹೊರಸುಗಳು. ನಾವೆಲ್ಲರೂ ಮಲಗೆದ್ದ ತೊಟ್ಟಿಲು. ಅಡುಗೆಮನೆಯ ಮೂಲೆಯಲ್ಲಿ ನೆಲದೊಳಗೆ ಹೂತ ಒರಳು. ಅದರ ಪಕ್ಕದಲ್ಲಿ, ಮರದ ಗೂಟವು ಹೆಂಗಸರ ಅಂಗೈ ಸವರಿ ಸವರಿ ದಂತದಂತೆ ನುಣುಪಾಗಿದ್ದ ಜೋಳದ ಬೀಸುಕಲ್ಲು. ಇವುಗಳಲ್ಲಿ ಒಂದೊಂದಕ್ಕೂ ಒಬ್ಬೊಬ್ಬ ವಾರಸುದಾರರಿದ್ದರು. ಮತ್ತು ಆ ವಾರಸುದಾರರೆಲ್ಲರ ಲಕ್ಷಣವೂ ಒಂದೇ ಆಗಿತ್ತು: ವಸ್ತುವನ್ನು ತಾವು ಒಯ್ಯಲೊಲ್ಲರು, ಪರರು ಮುಟ್ಟಗೊಡಲೊಲ್ಲರು.

ಸುದ್ದಿ ಮುಟ್ಟಿದೊಡನೆಯೇ ತಾಂಡೂರಿನಿಂದ ನಮ್ಮ ಸೋದರತ್ತೆಯವರ ಫೋನು ಬಂದಿತು. “ಬೀಸೂಕಲ್ಲು ನಮ್ಮವ್ವಂದು. ಅದನ್ನ ಕಂಡಕಂಡವರ ಕೈಗೆ ಕೊಟ್ಟೀರಿ ಮತ್ತ!”

“ಹಂಗಾದ್ರ ನೀವೇ ಒಯ್ದುಬಿಡ್ರಿ ಅತ್ತಿ.”

“ಒಯ್ದು ಎಲ್ಲಿ ಇಡ್ಲೋ ತಮ್ಮಾ? ಮಿಕ್ಸಿ ಇಡ್ಲಿಕ್ಕೇ ಜಾಗ ಇಲ್ಲಂತ ಸೊಸಿ ಕುಣೀತಾಳ. ಅದು ಅಲ್ಲೇ ಇರ್ಲಿ.”

ನಾರಾಯಣಖೇಡದ ಕಾಕಾ ಅವರ ಆಸ್ಥೆಯೆಲ್ಲವೂ ಕಪಾಟಿನ ಮೇಲೆ. ಅದರೊಳಗೆ ನಿಜಾಮರ ಕಾಲದ ಕೌಲುಪತ್ರಗಳೂ, 1954–55ರ ಖಾಸ್ರಾ ಪಹಣಿಯ ನಕಲೂ ಕೆಂಪು ಬಟ್ಟೆಯ ಗಂಟಿನಲ್ಲಿ ವಿಶ್ರಮಿಸುತ್ತಿದ್ದವು. ಉರ್ದು ಮಾಧ್ಯಮದಲ್ಲಿ ಓದಿದ ಕಾಕಾ ಅವರನ್ನುಳಿದು ಅವುಗಳನ್ನು ಓದಬಲ್ಲವರು ಈಗ ನಮ್ಮಲ್ಲಿ ಯಾರೂ ಇಲ್ಲ. ಅವರು ಕನ್ನಡಕವೇರಿಸಿ ಒಂದೊಂದು ಕಾಗದವನ್ನೂ ಓದಿ ಅರ್ಥ ಹೇಳಿದಾಗಲೆಲ್ಲ, ಅದರಲ್ಲಿ ಕಾಣಿಸಿದ ಹೊಲವನ್ನು ನಮ್ಮ ಮುತ್ತಜ್ಜ ಎಂದೋ ಮಾರಿದ್ದನೆಂಬ ಸಂಗತಿಯೇ ಹೊರಬೀಳುತ್ತಿತ್ತು. ಆದರೂ “ಹೊಲ ಹೋದ್ರೂ ಕಾಗದ ಇರಬೇಕಪ್ಪಾ” ಎಂಬ ಅವರ ಸಿದ್ಧಾಂತಕ್ಕೆ ಪ್ರತ್ಯುತ್ತರವಿರಲಿಲ್ಲ.

ಇತ್ತ ಬಾಡಿಗೆದಾರರು ಬರತೊಡಗಿದರು. ಮೊದಲು ಬಂದವನು ಊರಿನ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಅವಿವಾಹಿತ ತರುಣ ಎಂಜಿನಿಯರು. ಸಾಮಾನು ಸಹಿತವಾದ ಮನೆಯೇ ಬೇಕೆಂದ ಅವನನ್ನು ನಾನು ಹಿಗ್ಗಿನಿಂದ ಕೋಣೆ ಕೋಣೆಗೂ ಕರೆದೊಯ್ದು, ಹಂಡೆ, ತೊಟ್ಟಿಲು, ಹೊರಸುಗಳನ್ನೆಲ್ಲ ಪರಿಚಯ ಮಾಡಿಕೊಟ್ಟೆ. ಅವನು ಸಕಲವನ್ನೂ ವಿನಯದಿಂದ ವೀಕ್ಷಿಸಿ, “ಸರ್, ಸಾಮಾನು ಎಲ್ಲಿದೆ?” ಎಂದು ಕೇಳಿದನು. ಫ್ರಿಜ್ಜು, ವಾಷಿಂಗ್ ಮೆಷಿನ್, ಸೋಫಾ, ಗೀಸರು ಇವಿಷ್ಟೇ ಅವನ ಪಟ್ಟಿ. ನೂರು ಜನರಿಗೆ ಅಟ್ಟುಣಿಸಬಲ್ಲ ನಮ್ಮ ಮನೆಯಲ್ಲಿ ಒಬ್ಬ ಬ್ರಹ್ಮಚಾರಿಯ ಅಂಗಿ ಒಗೆಯುವ ಸಾಧನವಿರಲಿಲ್ಲ. ಎರಡನೆಯವರು ನಾರಾಯಣಖೇಡದ ಕಡೆಯಿಂದ ವರ್ಗವಾಗಿ ಬಂದ ಅಧ್ಯಾಪಕರು. ಹೆಂಡತಿ, ತಾಯಿ, ಇಬ್ಬರು ಮಕ್ಕಳು, ಒಂದು ಲಾರಿಯಷ್ಟು ಸ್ವಂತ ಸಾಮಾನು. ಅವರು ಒಳಗೆ ಕಾಲಿಟ್ಟವರೇ, “ಇಷ್ಟು ಸಾಮಾನಿರುವಲ್ಲಿ ನಾವು ಎಲ್ಲಿ ಇರೋಣ್ರಿ?” ಎಂದರು. ಹೀಗೆ ಒಂದೇ ಮನೆಯು ಬೆಳಿಗ್ಗೆ ಬರಿದೆಂದೂ ಸಂಜೆ ಕಿಕ್ಕಿರಿದದ್ದೆಂದೂ ತಿರಸ್ಕೃತವಾಯಿತು.

ನಿರುಪಾಯನಾಗಿ ನಾನು ಶಾಸ್ತ್ರಗ್ರಂಥಗಳಿಗೆ ಶರಣುಹೋದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಭೂಮಿಯಲ್ಲಿ ಬೇರೂರಿದ್ದು, ಹೂತದ್ದು, ಹೂತದ್ದಕ್ಕೆ ಶಾಶ್ವತವಾಗಿ ಅಂಟಿಕೊಂಡದ್ದು ಇವೆಲ್ಲವೂ ಭೂಮಿಗೆ ಲಗತ್ತಾದವು. ಆದಕಾರಣ ಒರಳು ಮನೆಯ ಅಂಗ, ಬೀಸುಕಲ್ಲು ಕೇವಲ ಸಾಮಾನು; ಒಂದೇ ಮೂಲೆಯಲ್ಲಿ, ಒಂದೇ ಜೋಳಕ್ಕಾಗಿ ದುಡಿದ ಎರಡು ಕಲ್ಲುಗಳನ್ನು ಹೀಗೆ ಸ್ಥಿರ-ಚರಗಳೆಂದು ಅಗಲಿಸಬಲ್ಲ ನಿಷ್ಠುರತೆ ನ್ಯಾಯಶಾಸ್ತ್ರಕ್ಕಲ್ಲದೆ ಇನ್ನಾರಿಗಿದ್ದೀತು? 1961ರ ಆದಾಯ ತೆರಿಗೆ ಕಾಯಿದೆಯಾದರೋ, ಮನೆಯ ಬಾಡಿಗೆಯನ್ನು ಪೀಠೋಪಕರಣಗಳ ಬಾಡಿಗೆಯಿಂದ ಬೇರ್ಪಡಿಸಲಾಗದೆಡೆಯಲ್ಲಿ ಆ ವರಮಾನವನ್ನು ‘ಇತರ ಮೂಲ’ಗಳಿಗೆ ಸೇರಿಸಿ, ಮನೆಬಾಡಿಗೆಗೆ ಸಲ್ಲುವ ಶೇಕಡಾ 30ರ ಕಡಿತವನ್ನು ತಪ್ಪಿಸಿತ್ತು. ಮನೆಯನ್ನೂ ಸಾಮಾನನ್ನೂ ಬೇರ್ಪಡಿಸಲಾಗದ ಸಂಸಾರಗಳು ನಮ್ಮದಲ್ಲದೆ ಇನ್ನೂ ಇವೆಯೆಂದು ಸರಕಾರವೇ ಒಪ್ಪಿದ್ದನ್ನು ಕಂಡು, ನಷ್ಟದ ನಡುವೆಯೂ ನನಗೆ ಸಮಾಧಾನವಾಯಿತು.

ವಿಚಾರಿಸಿ ನೋಡಿದರೆ, ಸಾಮಾನು ಸಹಿತ ಕೈಬದಲಾಯಿಸುವುದು ನಮ್ಮ ಸೀಮೆಗೆ ಹೊಸತೇನಲ್ಲ. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವನ್ನು ಹಂಚಿದಾಗ, ಬೀದರ ಜಿಲ್ಲೆಯ ಜಹೀರಾಬಾದು ನಾರಾಯಣಖೇಡಗಳೂ, ಕಲಬುರಗಿ ಜಿಲ್ಲೆಯ ತಾಂಡೂರು ಕೊಡಂಗಲ್ಲುಗಳೂ ಆಂಧ್ರಪ್ರದೇಶದ ಪಾಲಾದವು. ಹಾಗೆ ಒಪ್ಪಿಸಿಕೊಟ್ಟವರು ಊರನ್ನು ಖಾಲಿ ಮಾಡಿ ಕೊಟ್ಟರೇನು? ಒಳಗಿದ್ದ ಕನ್ನಡ, ಕನ್ನಡದವರ ಬೀಗತನ, ಜಗಳ, ಜೋಳದ ರೊಟ್ಟಿ ಎಲ್ಲವನ್ನೂ ಇದ್ದಂತೆಯೇ ಬಿಟ್ಟುಕೊಟ್ಟರು. ತಾಂಡೂರಿನ ಅತ್ತೆಯವರ ಮನೆಯು ತಳಪಾಯದ ಒಂದು ಕಲ್ಲೂ ಕದಲದೆ ಕಲಬುರಗಿಯಿಂದ ಹೈದರಾಬಾದು ಜಿಲ್ಲೆಗೂ, ಅಲ್ಲಿಂದ 1978ರಲ್ಲಿ ರಂಗಾರೆಡ್ಡಿಗೂ, 2016ರಲ್ಲಿ ವಿಕಾರಾಬಾದಿಗೂ ಪ್ರಯಾಣ ಮಾಡಿತು. ನಡುವೆ 2014ರಲ್ಲಿ ರಾಜ್ಯವೂ ಬದಲಾಯಿತು. ಯಜಮಾನರು ಎಷ್ಟೇ ಬದಲಾದರೂ ಅಡುಗೆಮನೆಯ ಮಾತು ಮಾತ್ರ ಬದಲಾಗಲಿಲ್ಲ. ಇಂಥ ನೆಲದಲ್ಲಿ ಹುಟ್ಟಿದವರಿಗೆ, ಮನೆಯನ್ನು ಸಾಮಾನಿನಿಂದ ಬಿಡಿಸಿ ಕೊಡಿರೆಂದರೆ ಹೇಗೆ ತಿಳಿದೀತು?

ಕಟ್ಟಕಡೆಗೆ, ಎಲ್ಲ ಗೃಹಸ್ಥರೂ ಕೈಗೊಳ್ಳುವ ಮಧ್ಯಮಮಾರ್ಗವನ್ನೇ ನಾವೂ ಹಿಡಿದೆವು. ಸಕಲ ಸಾಮಗ್ರಿಗಳನ್ನೂ ಹಿತ್ತಲ ಕಡೆಯ ದೊಡ್ಡ ಕೋಣೆಗೆ ತುಂಬಿ ಬೀಗವಿಕ್ಕಿ, ಉಳಿದ ಮನೆಯನ್ನು ಅಧ್ಯಾಪಕರಿಗೆ ಒಪ್ಪಿಸಿದೆವು. ಬೀಗದ ಕೈ ಕಾಕಾ ಅವರಲ್ಲಿ. ಬೀಸುಕಲ್ಲು ಒಳಗಿರುವುದಕ್ಕೆ ಸಾಕ್ಷಿಯಾಗಿ ಅದರ ಛಾಯಾಚಿತ್ರವು ಅತ್ತೆಯವರ ಮೊಬೈಲಿನಲ್ಲಿ. ಲೋಕರೂಢಿಯಂತೆ ಹನ್ನೊಂದು ತಿಂಗಳಿಗೆ ಕರಾರಾಯಿತು. ಒಂದು ಕೋಣೆ ಕಡಿಮೆಯಾದದ್ದಕ್ಕಾಗಿ ಅಧ್ಯಾಪಕರು ಬಾಡಿಗೆಯಲ್ಲಿ ಅಷ್ಟನ್ನು ಇಳಿಸಿಕೊಂಡರು; ಅದು ನ್ಯಾಯವೇ.

ಲೆಕ್ಕ ಹಾಕಿದಾಗ ತಿಳಿದುಬಂದದ್ದಿಷ್ಟು. ಲೋಕದಲ್ಲಿ ಸಾಮಾನು ಸಹಿತ ಮನೆ ಕೊಡುವವರು ಸಾಮಾನಿಗೂ ಬಾಡಿಗೆ ಪಡೆಯುತ್ತಾರೆ; ನಾವಾದರೋ ಸಾಮಾನಿನ ಪರವಾಗಿ ಪ್ರತಿ ತಿಂಗಳೂ ನಾವೇ ಬಾಡಿಗೆ ತೆರುತ್ತಿದ್ದೇವೆ. ಅಧ್ಯಾಪಕರು ಹನ್ನೊಂದು ತಿಂಗಳು ಮುಗಿದೊಡನೆ ನಮ್ಮ ಇಚ್ಛೆಗೆ ಒಳಪಟ್ಟವರು. ಹಿತ್ತಲ ಕೋಣೆಯಲ್ಲಿರುವವರು ಹಾಗಲ್ಲ. 1950ರ ಹೈದರಾಬಾದು ಗೇಣಿ ಕಾಯಿದೆಯು ಹೊಲದಲ್ಲಿ ಉತ್ತವರಿಗೆ ‘ರಕ್ಷಿತ ಗೇಣಿದಾರ’ರೆಂಬ ಹಕ್ಕು ಕೊಟ್ಟಿತಷ್ಟೆ, ಹಂಡೆ, ತೊಟ್ಟಿಲು, ಕಪಾಟುಗಳು ಅದೇ ಹಕ್ಕನ್ನು ಯಾವ ಕಾಯಿದೆಯ ನೆರವೂ ಇಲ್ಲದೆ ಸಂಪಾದಿಸಿಕೊಂಡಿವೆ. ಅವುಗಳನ್ನು ಬಿಡಿಸಬಲ್ಲ ತಹಸೀಲ್ದಾರನು ನಮ್ಮ ಬಂಧುವರ್ಗದಲ್ಲಿ ಇನ್ನೂ ಹುಟ್ಟಬೇಕಾಗಿದೆ.